ಓದುಗರ ಪ್ರಶ್ನೆ: ಕೆಲಸದ ಹುರುಪನ್ನು ಪೋರ್ಚುಗೀಸಿನಲ್ಲಿ ಹೇಳುವುದು ಹೇಗೆ?

ಬ್ರೆಜಿಲ್ ಕಂಪನಿಗಳ ಜೊತೆ ಕೆಲಸ ಮಾಡುವ ಮೈಸೂರು, ಮಂಡ್ಯದ ಹುಡುಗ ಹುಡುಗಿಯರ ಪತ್ರಗಳು ಈ ಸಲ ಒಟ್ಟಿಗೇ ಬಂದಿವೆ. ಎಲ್ಲರ ಕಷ್ಟವೂ ಹೆಚ್ಚುಕಡಿಮೆ ಒಂದೇ. ಪೋರ್ಚುಗೀಸಿನಲ್ಲಿ ಲೆಕ್ಕ ಒಪ್ಪಿಸಬಲ್ಲರು, ತಾರೀಖು ಹೇಳಬಲ್ಲರು. "ಕೆಲಸ ಹೇಗನ್ನಿಸುತ್ತಿದೆ?" ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ಯಜಮಾನರ ಕೆಲಸದ ನಿಮಿತ್ತ ಸಾವೊ ಪಾವ್ಲೊ ರಾಜ್ಯದ ಕಂಪೀನಸ್ ಊರಿನಲ್ಲಿ ಹಲವು ವರ್ಷ ಇದ್ದವಳು ನಾನು. ಅಲ್ಲಿನ ಒಂದು ಬಿಡಿಭಾಗ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ದುಡಿದಿದ್ದೇನೆ. ಈಗ ಸರಸ್ವತಿಪುರಂನ ಮನೆಯಲ್ಲೇ ಸಂಜೆ ಹೊತ್ತು ಪಾಠ ಹೇಳುತ್ತೇನೆ.

ಇಲ್ಲಿರುವ ವಾಕ್ಯಗಳನ್ನು ಬ್ರೆಜಿಲ್‌ನ ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಚುಕ್ಕಿ ಹಾಕಿದ ಜ಼ ಬಂದಲ್ಲಿ 'ಜ಼ೂ'ಗೆ ಪ್ರಾಣಿ ನೋಡಲು ಹೋಗುತ್ತೇವಲ್ಲ, ಆ ಸದ್ದು ತನ್ನಿ.

ಪ್ರಶ್ನೆ: ಮೇಡಂ, ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಕೆಲಸದಲ್ಲಿದ್ದೇನೆ. ನಮ್ಮ ಗ್ರಾಹಕರೆಲ್ಲ ಸಾವೊ ಪಾವ್ಲೊದವರು. ತಿಂಗಳಿಗೊಮ್ಮೆ ಅಲ್ಲಿನ ಮ್ಯಾನೇಜರ್ ಸಂಜೆ ಆರಕ್ಕೆ ಕಾಲ್ ಮಾಡಿ, "ಕೆಲಸದಲ್ಲಿ ನಿನಗೆ ಹುರುಪು ಕೊಡುವುದು ಯಾವುದು?" ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಕಲಿತ "ನಾನು ಸವಾಲುಗಳಿಂದ ಮುನ್ನಡೆಯುವವನು" ಎಂಬ ವಾಕ್ಯ ಹೇಳಿದೆ. ಅವರು "ಸರಿ" ಎಂದು ಮುಂದಿನ ವಿಷಯಕ್ಕೆ ಹೋಗಿಬಿಟ್ಟರು. ಇದಕ್ಕಿಂತ ಒಳ್ಳೆಯ ವಾಕ್ಯಗಳನ್ನು ಕೊಡಿ. — ಹೂಟಗಳ್ಳಿಯ ಓದುಗ

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. "ಸೋ ಮೊವೀದು ಅ ದೆಜ಼ಫೀಉಸ್" ಎನ್ನುವುದನ್ನು ಬ್ರೆಜಿಲ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು ಅರ್ಧಕ್ಕರ್ಧ ಜನ ಹೇಳುತ್ತಾರೆ. ಮ್ಯಾನೇಜರ್ ಆದವರು ಅದನ್ನು ಕೇಳಿ ಕೇಳಿ ಸಾಕಾಗಿರುತ್ತಾರೆ. ಅವರು ಕೇಳಿದ್ದು ನಿಮ್ಮ ವಿಷಯ, ನೀವು ಕೊಟ್ಟದ್ದು ಗೋಡೆಗೆ ಅಂಟಿಸುವ ಘೋಷಣೆ.

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಕಿವಿಗೆ ಹಾಕಿಕೊಳ್ಳಿ, ಏಕೆಂದರೆ ಅದು ಒಂದೇ ರೂಪದಲ್ಲಿ ಬರುವುದಿಲ್ಲ. "ಉ ಕಿ ಚಿ ಮೊಚೀವ ನು ತ್ರಬಾಲ್ಯು?" ಎಂದರೆ ಕೆಲಸದಲ್ಲಿ ನಿನಗೆ ಹುರುಪು ಕೊಡುವುದು ಏನು ಎಂದು. "ಉ ಕಿ ಮೊಚೀವ ವೊಸೆ?" ಎಂದೂ ಕೇಳಬಹುದು, ಅದೂ ಅದೇ. ಸಲಿಗೆ ಇದ್ದವರು "ತೂದು ಬೇಂ? ತಾ ಅನಿಮಾದು?" ಎಂದು ಕೇಳುತ್ತಾರೆ. ಎಲ್ಲ ಸರಿಯಾ, ಉತ್ಸಾಹದಲ್ಲಿ ಇದ್ದೀಯಾ ಎಂದು.

ಉತ್ತರಕ್ಕೆ ಮೂರು ತುಂಡು ಸಾಕು. ಮೊದಲನೆಯದು "ಗೊಸ್ತು ದು ಕಿ ಫಾಸು", ಅಂದರೆ ನಾನು ಮಾಡುವ ಕೆಲಸ ನನಗಿಷ್ಟ. ಎರಡನೆಯದು ಏಕೆ ಎಂಬುದು: "ಉ ಕಿ ಮಿ ಮೊಚೀವ ಎ ಹೆಜ಼ೊವ್‌ವೇರ್ ಉ ಪ್ರೊಬ್ಲೆಮ ದು ಕ್ಲಿಯೆಂಚಿ ನು ಮೇಜ಼್ಮು ಜೀಅ." ಗ್ರಾಹಕರ ತೊಂದರೆಯನ್ನು ಅವತ್ತಿನ ದಿನವೇ ಬಗೆಹರಿಸುವುದು ನನಗೆ ಹುರುಪು ಕೊಡುತ್ತದೆ. ಮೂರನೆಯದೇ ಮುಖ್ಯ. "ಪೋರ್ ಇಜ಼ೆಂಪ್ಲು, ಸೆಮಾನ ಪಸಾದ..." ಎಂದು ಶುರುಮಾಡಿ. ಉದಾಹರಣೆಗೆ, ಹೋದ ವಾರ. ಅಲ್ಲಿಂದ ಮುಂದೆ ನಿಜವಾಗಿ ನಡೆದ ಒಂದು ಪ್ರಸಂಗ ಹೇಳಿ. ಯಾವ ಗ್ರಾಹಕ, ಏನು ಕೆಟ್ಟಿತ್ತು, ನೀವೇನು ಮಾಡಿದಿರಿ. ಕ್ರಿಯಾಪದ ಎಡವಿದರೂ ಚಿಂತೆಯಿಲ್ಲ. ನಡೆದದ್ದನ್ನು ಹೇಳುವಾಗ ದನಿಯಲ್ಲಿ ಒಂದು ಜೀವ ಬರುತ್ತದೆ, ಎದುರಿನವರು ಮರುಪ್ರಶ್ನೆ ಕೇಳುತ್ತಾರೆ, ಸಂಭಾಷಣೆ ಹುಟ್ಟುತ್ತದೆ.

ಇದು ನನ್ನ ಅನುಭವದ ಮಾತಷ್ಟೇ ಅಲ್ಲ. ಕೆಲಸದ ಹುರುಪಿನ ಬಗ್ಗೆ 1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇವತ್ತಿಗೂ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಪಾಠವಾಗಿದೆ. ಅವರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಅಕೌಂಟೆಂಟರನ್ನೂ ಮಾತಾಡಿಸಿದರು. ಕೆಲಸದಲ್ಲಿ ತುಂಬ ಚೆನ್ನಾಗಿದೆ ಅನ್ನಿಸಿದ ಒಂದು ಸಂದರ್ಭ, ತುಂಬ ಕೆಟ್ಟದೆನಿಸಿದ ಒಂದು ಸಂದರ್ಭ ಹೇಳಿ ಎಂದು ಕೇಳಿದರು. ಚೆನ್ನಾಗಿದೆ ಅನ್ನಿಸಿದ ಸಂದರ್ಭಗಳಲ್ಲಿ ಹೆಚ್ಚಾಗಿ ಬಂದದ್ದು ಸಾಧಿಸಿದ ತೃಪ್ತಿ, ಸಿಕ್ಕ ಮನ್ನಣೆ, ಕೆಲಸದ ಸೊಗಸು, ಹೊತ್ತ ಜವಾಬ್ದಾರಿ. ನಿಮ್ಮ ಮ್ಯಾನೇಜರಿಗೆ ಬೇಕಾದದ್ದೂ ಅಂಥದೇ ಒಂದು ಸಂದರ್ಭ.

ಇನ್ನೊಂದು ಸಾಲು ಕಲಿತುಕೊಳ್ಳಿ: "ತೇಞು ಒರ್ಗೂಲ್ಯು ದು ಮೇವ್ ತ್ರಬಾಲ್ಯು." ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ನಮ್ಮ ಕಡೆ ಹುಡುಗರಿಗೆ ಇದನ್ನು ಹೇಳಲು ನಾಚಿಕೆ. ಯಾರಾದರೂ ಹೊಗಳಿದರೆ "ಅಯ್ಯೋ ಬಿಡಿ ಸರ್, ಅದೇನ್ ಮಹಾ" ಎನ್ನುವುದು ನಮಗೆ ಮನೆಯಲ್ಲೇ ಬಂದ ಸಂಸ್ಕಾರ. ಬ್ರೆಜಿಲ್‌ನವರಿಗೆ ಅದು ಅರ್ಥವಾಗುವುದಿಲ್ಲ. ಹೊಗಳಿಕೆಯನ್ನು ತಳ್ಳಿಹಾಕಿದರು ಎಂದೇ ಅವರು ತಿಳಿಯುತ್ತಾರೆ. "ಒಬ್ರಿಗಾದು, ಫಿಕೇಯ್ ಫೆಲೀಸ್" ಎನ್ನಿ. ಥ್ಯಾಂಕ್ಸ್, ನನಗೆ ಖುಷಿಯಾಯಿತು ಎಂದು. ಅಲ್ಲಿಗೆ ನಿಲ್ಲಿಸಿ.

ನಿಮ್ಮ ಸಂಜೆ ಆರು ಅವರಿಗೆ ಬೆಳಗಿನ ಒಂಬತ್ತೂವರೆ. ಎಂಟೂವರೆ ಗಂಟೆಯ ಅಂತರ. ಅವರು ಕಾಫಿ ಕುಡಿದು ಕೂತಿರುತ್ತಾರೆ, ನೀವು ದಿನವಿಡೀ ದುಡಿದು ಬಸವಳಿದಿರುತ್ತೀರಿ. ಹಾಗಾಗಿ ಆ ಮೂರು ತುಂಡನ್ನು ಮಧ್ಯಾಹ್ನ ಊಟದ ಹೊತ್ತಿಗೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಾನು ಹುಡುಗಿ. 'ಮೊಚಿವಾದು' ಎನ್ನಬೇಕೋ 'ಮೊಚಿವಾದ' ಎನ್ನಬೇಕೋ? — ಶ್ರೀರಾಂಪುರ

ಉತ್ತರ: "ಇಸ್ತೋ ಮೊಚಿವಾದ." ನಾನು ಹುರುಪಿನಲ್ಲಿದ್ದೇನೆ ಎಂದು. ಮಾತಾಡುವವರು ಹೆಣ್ಣಾದರೆ 'ದ', ಗಂಡಾದರೆ 'ದು'. ಥ್ಯಾಂಕ್ಸ್ ಹೇಳುವಾಗಲೂ ಹಾಗೆಯೇ: ನೀವು "ಒಬ್ರಿಗಾದ", ನಿಮ್ಮ ಅಣ್ಣ "ಒಬ್ರಿಗಾದು". ಎದುರಿಗಿರುವವರು ಯಾರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡಿದವನು. ಬ್ರೆಜಿಲ್‌ನ ಸಕ್ಕರೆ ಮಿಲ್ಲುಗಳಿಗೆ ಯಂತ್ರ ಒದಗಿಸುವ ಕಡೆ ಕೆಲಸಕ್ಕೆ ಆನ್‌ಲೈನ್ ಸಂದರ್ಶನವಿದೆ. "ಈ ಕೆಲಸ ಏಕೆ ಬೇಕು?" ಎಂದರೆ ನಿಜವಾದ ಕಾರಣ ಸಂಬಳ. ಹಾಗಂತ ಹೇಳಬಹುದಾ? ಅಪ್ಪನ ಮೇಲೆ ಸಾಲ ಇದೆ. — ಹೆಸರು ಬೇಡ, ಮಂಡ್ಯ ತಾಲ್ಲೂಕು

ಉತ್ತರ: ಹೇಳಬಹುದು ತಮ್ಮ, ತಲೆ ಎತ್ತಿಕೊಂಡೇ ಹೇಳಿ. ಮನೆ ನಡೆಸಲು ದುಡಿಯುತ್ತೇನೆ ಎನ್ನುವುದಕ್ಕಿಂತ ಗಟ್ಟಿಯಾದ ಕಾರಣ ಯಾವುದಿದೆ? ಆದರೆ ಅದೊಂದನ್ನೇ ಹೇಳಿ ಬಾಯಿ ಮುಚ್ಚಿಕೊಂಡರೆ ಕೇಳುವವರಿಗೆ ನಿಮ್ಮ ಕೈಯಲ್ಲಿರುವ ವಿದ್ಯೆ ಕಾಣುವುದಿಲ್ಲ. ಹೀಗೆ ಹೇಳಿ: "ಉ ಸಲಾರ್ಯು ಎ ಇಂಪೊರ್ತಾಂಚಿ, ಅಜೂದು ಮಿಞ ಫಮೀಲ್ಯ. ಮಾಸ್ ನಾಂವ್ ಎ ಸೊ ಇಸು." ಸಂಬಳ ಮುಖ್ಯ, ನಾನು ಮನೆಗೆ ನೆರವಾಗುತ್ತೇನೆ, ಆದರೆ ಅಷ್ಟೇ ಅಲ್ಲ. ಆಮೇಲೆ "ಕೆರು ಅಪ್ರೆಂದೇರ್ ಕೋಂ ವೊಸೆಸ್", ನಿಮ್ಮಿಂದ ಕಲಿಯಬೇಕು ಅಂತಿದ್ದೇನೆ.

ನಿಮಗೆ ಬೇರೆಯವರಿಗಿಲ್ಲದ ಒಂದು ಬಂಡವಾಳ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ದೇಶ ಬ್ರೆಜಿಲ್, ಎರಡನೆಯದು ನಮ್ಮದು. ಅಲ್ಲಿ ಸಾವೊ ಪಾವ್ಲೊ ರಾಜ್ಯವೇ ಮುಂದು. ಹಿಬೆರಾಂವ್ ಪ್ರೇತು ಎಂಬ ಊರಿನ ಸುತ್ತ ಕಣ್ಣು ಹಾಯುವ ತನಕ ಕಬ್ಬು. ಇಲ್ಲಿ ಮೈಷುಗರ್ ಶುರುವಾದದ್ದು 1933ರಲ್ಲಿ. ಕನ್ನಂಬಾಡಿ ನೀರು ನಾಲೆಗೆ ಬಂದ ಮೇಲೆ ಮಂಡ್ಯದ ಮಕ್ಕಳು ಕಬ್ಬಿನ ಗಾಡಿಯ ಸದ್ದು ಕೇಳಿಕೊಂಡೇ ಬೆಳೆದವರು. ಅದನ್ನು ಹೇಳಿ! "ಸೋ ಜಿ ಉಮ ಹೆಜಿಯಾಂವ್ ಜಿ ಕಾನ", ನಾನು ಕಬ್ಬಿನ ಸೀಮೆಯವನು. ಸಂದರ್ಶನ ಮಾಡುವವರ ಮುಖ ಅರಳುವುದನ್ನು ನೋಡಿ.

ಕಾರ್ಖಾನೆಯ ಪದಗಳು ಇವು: ಸಕ್ಕರೆ ಮಿಲ್ಲು 'ಉಜ಼ೀನ', ಕಬ್ಬು ಅರೆಯುವ ಗಾಣದ ಸಾಲು 'ಮೊಯೆಂದ', ಬಾಯ್ಲರ್ 'ಕಾವ್ದೇಯ್ರ'. ಕಬ್ಬು ನುರಿಸುವ ಹಂಗಾಮು 'ಸಾಫ್ರ', ಮಿಲ್ಲು ನಿಂತು ರಿಪೇರಿ ನಡೆಯುವ ಕಾಲ 'ಎಂತ್ರೆಸಾಫ್ರ'. ಬ್ರೆಜಿಲ್‌ನ ಆ ಭಾಗದಲ್ಲಿ ಹಂಗಾಮು ಸುಮಾರಾಗಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಈಗ ಇವನ್ನು ಹುರುಪಿನ ಮಾತಿಗೆ ಜೋಡಿಸಿ: "ಗೊಸ್ತು ದ ಸಾಫ್ರ, ಕ್ವಾಂದು ಅ ಉಜ಼ೀನ ನಾಂವ್ ಪಾರ." ಮಿಲ್ಲು ನಿಲ್ಲದೆ ಓಡುವ ಹಂಗಾಮು ನನಗಿಷ್ಟ. ಬಾಯ್ಲರ್ ಮುಂದೆ ನಿಂತ ಮನುಷ್ಯ ಮಾತ್ರ ಹೇಳಬಲ್ಲ ಮಾತು ಅದು. ಯಾವ ಮೊಬೈಲ್ ಆ್ಯಪ್ ಕೂಡ ನಿಮಗೆ ಇದನ್ನು ಕಲಿಸುವುದಿಲ್ಲ.

ಸಂಬಳದ ಮಾತು ಬಂದಾಗ ತಿಳಿದಿರಬೇಕಾದ್ದು: ಬ್ರೆಜಿಲ್‌ನಲ್ಲಿ ಕಾಯಂ ನೌಕರರಿಗೆ ವರ್ಷಕ್ಕೆ ಹದಿಮೂರನೆಯ ಸಂಬಳ ಕೊಡಬೇಕೆಂಬ ಕಾನೂನು 1962ರಿಂದ ಇದೆ. ಅದರ ಹೆಸರು 'ದೆಸಿಮು ತೆರ್ಸೇಯ್ರು'. ಎರಡು ಕಂತಿನಲ್ಲಿ ಬರುತ್ತದೆ, ಎರಡನೆಯದು ಡಿಸೆಂಬರ್ 20ರೊಳಗೆ. ವರ್ಷ ತುಂಬಿದವರಿಗೆ 30 ದಿನ ರಜೆ, ರಜೆಯ ಸಂಬಳದ ಮೇಲೆ ಮೂರನೇ ಒಂದು ಪಾಲು ಹೆಚ್ಚಿಗೆ. ವಾರಕ್ಕೆ 44 ಗಂಟೆಯ ಮಿತಿ 1988ರ ಸಂವಿಧಾನದಲ್ಲೇ ಇದೆ. ಕೆಲಸ ಅಲ್ಲಿನ ಕಾನೂನಿನಡಿಯೋ ಇಲ್ಲಿನ ಒಪ್ಪಂದವೋ ಎಂದು ಕೇಳಿ ತಿಳಿದುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ. ಅಂದ ಹಾಗೆ ನಮ್ಮ ಹಳಬರು ಹೇಳುವ 'ಪಗಾರ' ಬಂದದ್ದೇ ಪೋರ್ಚುಗೀಸಿನಿಂದ, ಗಾರೆ ಕೆಲಸದ 'ಮೇಸ್ತ್ರಿ'ಯೂ ಅಲ್ಲಿಂದಲೇ.

ಪ್ರಶ್ನೆ: ನಾನು ಒಂದು ಟೀಮಿನ ಲೀಡ್. ನನ್ನ ಟೀಮಿನಲ್ಲಿ ಬ್ರೆಜಿಲ್‌ನ ಬೆಲೊ ಒರಿಜ಼ೊಂಚಿ ಊರಿನ ಒಬ್ಬ ಹುಡುಗಿ ಇದ್ದಾಳೆ. ಒಂದು ರಾತ್ರಿ "ನಾಂವ್ ಅಗ್ವೆಂತು ಮಾಯ್ಸ್" ಎಂದು ಮೆಸೇಜ್ ಹಾಕಿದಳು. ಇನ್ನು ತಡೆಯಲಾರೆ ಎಂದು ಅರ್ಥವಾಯಿತು. ಏನು ಉತ್ತರ ಕೊಡಬೇಕು ತೋಚದೆ ಒಂದು ಹೂವಿನ ಚಿತ್ರ ಕಳಿಸಿದೆ. ಇಂಥ ಸಮಯದಲ್ಲಿ ಧೈರ್ಯ ತುಂಬುವ ಮಾತು ಯಾವುದು? — ಕುವೆಂಪುನಗರ

ಉತ್ತರ: ನಿಮ್ಮ ಪತ್ರವನ್ನು ನಾನು ಎರಡೆರಡು ಸಲ ಓದಿದೆ. ಹುರುಪಿನ ಮಾತು ಎಂದರೆ ಎಲ್ಲರೂ "ಮುನ್ನುಗ್ಗು", "ಸಾಧಿಸು" ಎಂಬುದನ್ನೇ ಕೇಳುತ್ತಾರೆ. ಹುರುಪು ಬತ್ತಿಹೋದಾಗ ಆಡುವ ಮಾತನ್ನು ಕೇಳಿದ್ದು ನೀವೊಬ್ಬರೇ. ನನ್ನ ದೃಷ್ಟಿಯಲ್ಲಿ ಮೊದಲು ಕಲಿಯಬೇಕಾದ್ದು ಇದನ್ನೇ.

ಬಳಲಿಕೆಯ ಮಾತಿಗೆ ಮೆಟ್ಟಿಲುಗಳಿವೆ, ಅವಳು ಯಾವ ಮೆಟ್ಟಿಲಲ್ಲಿ ಇದ್ದಾಳೆ ಎಂದು ತಿಳಿಯಬೇಕು. "ಇಸ್ತೋ ಕನ್ಸಾದ" ಅಂದರೆ ಸುಸ್ತಾಗಿದೆ, ನಿದ್ದೆ ಮಾಡಿದರೆ ಹೋಗುವಂಥದ್ದು. "ಇಸ್ತೋ ಸೇಂ ವೊಂತಾಜಿ ಜಿ ತ್ರಬಲ್ಯಾರ್" ಅಂದರೆ ಕೆಲಸ ಮಾಡುವ ಮನಸ್ಸಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರೂ ಹೇಳುವುದೇ. "ಇಸ್ತೋ ದೆಜ಼ನಿಮಾದ" ಅಂದರೆ ಉತ್ಸಾಹ ಕುಗ್ಗಿದೆ, ಒಳಗೆ ಏನೋ ಕೊರೆಯುತ್ತಿದೆ. "ಇಸ್ತೋ ಇಜ಼್ಗೊತಾದ" ಅಂದರೆ ಪೂರ್ತಿ ಬರಿದಾಗಿದ್ದೇನೆ. ಅದಕ್ಕಿಂತ ಮುಂದಿನದು ನಿಮಗೆ ಬಂದ ಮಾತು. ಅಷ್ಟು ಹೇಳಿದವಳಿಗೆ "ಫೊರ್ಸ!" ಎಂದು, ಧೈರ್ಯ ತಗೋ ಎಂದು, ಒಂದೇ ಪದ ಕಳಿಸಬೇಡಿ. ಹೂವಿನ ಚಿತ್ರದಲ್ಲಿ ನಿಮ್ಮ ಪ್ರೀತಿ ಇತ್ತು, ಅದು ಅವಳಿಗೂ ಮುಟ್ಟಿರುತ್ತದೆ. ಈಗ ಅದರ ಜೊತೆಗೆ ಮಾತು ಸೇರಿಸಿ.

ಮೊದಲು ಹೇಳಿದ್ದಕ್ಕೆ ಥ್ಯಾಂಕ್ಸ್: "ಒಬ್ರಿಗಾದ ಪೋರ್ ಮಿ ಫಲಾರ್." ನನ್ನ ಹತ್ತಿರ ಹೇಳಿದ್ದಕ್ಕೆ. ಆಮೇಲೆ "ಇಮಜೀನು ಕೋಮು ಇಸ್ತಾ ಜಿಫೀಸಿವ್", ಎಷ್ಟು ಕಷ್ಟವಾಗುತ್ತಿದೆ ಎಂದು ಊಹಿಸಬಲ್ಲೆ. "ಕೆರ್ ಕೊಂವೆರ್ಸಾರ್?" ಮಾತಾಡೋಣವಾ? ಇಷ್ಟು ಹೇಳಿ ಅವಳ ಉತ್ತರಕ್ಕೆ ಕಾಯಿರಿ. ಅವಳು ಬಿಚ್ಚಿ ಮಾತಾಡಿದ ಮೇಲೆ ಒಂದು ಕೆಲಸದ ಮಾತು ಬೇಕೇ ಬೇಕು: "ಪೊಸು ಅಸುಮೀರ್ ಎಸ ಪಾರ್ಚಿ." ಆ ಭಾಗವನ್ನು ನಾನು ವಹಿಸಿಕೊಳ್ಳುತ್ತೇನೆ. ಲೀಡ್ ಆದವರಿಗೆ ಈ ಅಧಿಕಾರ ಇದೆ, ಅದನ್ನು ಉಪಯೋಗಿಸಿ. ಹೊರೆ ಇಳಿಸದೆ ಬರೀ ಸಮಾಧಾನ ಹೇಳಿದರೆ ಅದು ಬಾಯುಪಚಾರ ಆಗಿಬಿಡುತ್ತದೆ. ಕೊನೆಗೆ "ವೊಸೆ ನಾಂವ್ ಇಸ್ತಾ ಸೊಜ಼ೀಞ", ನೀನು ಒಬ್ಬಳೇ ಅಲ್ಲ.

ವ್ಯಾಕರಣದ ಒಂದು ಅಂಶ ಇಲ್ಲಿ ಬಹಳ ಮುಖ್ಯ. ಪೋರ್ಚುಗೀಸಿನಲ್ಲಿ 'ಸೋ' ಎಂದರೆ ನನ್ನ ಸ್ವಭಾವವೇ ಹಾಗೆ, 'ಇಸ್ತೋ' ಎಂದರೆ ಈಗ ಹಾಗಿದ್ದೇನೆ. ಬಳಲಿಕೆ, ಬೇಸರಗಳಿಗೆಲ್ಲ 'ಇಸ್ತೋ'. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ವಾರವೇ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ಅವಳು "ಸೋ" ಎಂದು ಶುರುಮಾಡಿ ತನ್ನನ್ನೇ ಹಳಿದುಕೊಳ್ಳುತ್ತಿದ್ದರೆ ನೀವು ಹೆಚ್ಚು ಎಚ್ಚರದಿಂದ ಕೇಳಿಸಿಕೊಳ್ಳಬೇಕು.

ಕೆಲಸದ ಒತ್ತಡದಿಂದ ಬರುವ ಇಂಥ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆ ಪಟ್ಟಿಯ ಹೊಸ ಆವೃತ್ತಿಯಲ್ಲಿ ಉದ್ಯೋಗ ಸಂಬಂಧಿ ಸ್ಥಿತಿ ಎಂದು ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬ್ರೆಜಿಲ್‌ನವರು ಇದಕ್ಕೆ 'ಬರ್ನೌಟ್' ಎಂಬ ಪದವನ್ನೇ ಬಳಸುತ್ತಾರೆ. ಆ ಪದ ಅವಳ ಬಾಯಲ್ಲಿ ಬಂದರೆ ಡಾಕ್ಟರ ಹತ್ತಿರ ಹೋಗುವಂತೆ ಹೇಳಿ: "ಪ್ರೊಕೂರ ಉಂ ಮೆಜಿಕು." ಇದು ಟೀಮ್ ಲೀಡ್ ಒಬ್ಬರೇ ಸರಿಪಡಿಸುವ ವಿಷಯವಲ್ಲ.

ಪ್ರಶ್ನೆ: ನಮ್ಮ ಬ್ರೆಜಿಲ್ ಬಾಸ್ ಮೀಟಿಂಗಿನಲ್ಲಿ ಎಲ್ಲರೂ ಅಂಗಿ ತೊಡಬೇಕು ಎಂದರು. ಯೂನಿಫಾರ್ಮ್ ಬರುತ್ತದೆಯೇ? ಇಂಥ ನುಡಿಗಟ್ಟು ಇನ್ನೂ ಇದ್ದರೆ ತಿಳಿಸಿ. — ನಂಜನಗೂಡು ರಸ್ತೆಯ ಕಾರ್ಖಾನೆಯ ನೌಕರ

ಉತ್ತರ: ಯೂನಿಫಾರ್ಮ್ ಅಲ್ಲ. "ವೆಸ್ಚೀರ್ ಅ ಕಮೀಜ಼" ಎಂದರೆ ಕಂಪನಿಯ ಅಂಗಿ ತೊಡುವುದು, ತನ್ನದೇ ತಂಡ ಎಂದು ಮೈಮೇಲೆ ಹಾಕಿಕೊಂಡು ದುಡಿಯುವುದು. ಫುಟ್‌ಬಾಲ್ ಆಡುವ ನಾಡಿನಲ್ಲಿ ಜರ್ಸಿಗೆ ಇರುವ ಮರ್ಯಾದೆಯನ್ನು ನೆನೆಸಿಕೊಳ್ಳಿ. ಒಳ್ಳೆಯ ಮಾತೇ. ಆದರೆ ಓವರ್‌ಟೈಮಿಗೆ ಹಣ ಕೊಡದ ಕಡೆಯೂ ಈ ಅಂಗಿಯ ಮಾತು ಬರುವುದುಂಟು, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

"ಮಾಂವ್ಜ಼್ ಆ ಓಬ್ರ!" ಎಂದರೆ ಕೈ ಹಾಕೋಣ, ಕೆಲಸ ಶುರುಮಾಡೋಣ. ಮೀಟಿಂಗ್ ಮುಗಿಯುವಾಗ ಹೇಳುವುದು. "ಅಹೆಗಸಾರ್ ಅಸ್ ಮಾಂಗಸ್" ತೋಳು ಮಡಿಸುವುದು. ನಾವು ಟೊಂಕ ಕಟ್ಟುತ್ತೇವೆ, ಅವರು ತೋಳು ಮಡಿಸುತ್ತಾರೆ. "ದಾರ್ ಕೊಂತ ದು ಹೆಕಾದು" ವಹಿಸಿದ ಕೆಲಸವನ್ನು ಮುಗಿಸಿ ತೋರಿಸುವುದು. ಒಬ್ಬರ ಬಗ್ಗೆ ಹೀಗೆ ಹೇಳಿದರೆ ಅದು ದೊಡ್ಡ ಹೊಗಳಿಕೆ. ಸಂದೇಶ ಕಳಿಸುವಾಗ ನೀವು ಧಾರಾಳವಾಗಿ ಬಳಸಬಹುದಾದ್ದು "ಪೊಜಿ ಕೊಂತಾರ್ ಕೊಮೀಗು": ನಾನಿದ್ದೇನೆ, ನನ್ನನ್ನು ನಂಬಬಹುದು. ಇದನ್ನು ಹೇಳಿದ ಮೇಲೆ ಮಾತ್ರ ಕೈ ಕೊಡಬಾರದು.

ಕೇಳಿದರೆ ಅರ್ಥವಾಗಬೇಕಾದ, ಆದರೆ ನೀವು ಆಡಬಾರದ ಮಾತುಗಳೂ ಇವೆ. "ಫಜ಼ೇರ್ ಕೋರ್ಪು ಮೊಲಿ" ಮೈ ಮೆತ್ತಗೆ ಮಾಡುವುದು, ನಮ್ಮ ಮೈಗಳ್ಳತನ. "ಎಂಪುಹಾರ್ ಕೋಂ ಅ ಬಹೀಗ" ಹೊಟ್ಟೆಯಿಂದ ತಳ್ಳುತ್ತಾ ಹೋಗುವುದು, ಇವತ್ತಲ್ಲ ನಾಳೆ ಎಂದು ಮುಂದೂಡುವುದು. ಬಾಸಿಗೆ ನಾವು ಬಕೆಟ್ ಹಿಡಿದರೆ ಅವರು ಚೀಲ ಎಳೆಯುತ್ತಾರೆ. ಅಂಥವರಿಗೆ "ಪೂಶ ಸಾಕು" ಎನ್ನುತ್ತಾರೆ. ಬೇರೆ ಭಾಷೆಯಲ್ಲಿ ಬೈಗುಳ ಎಷ್ಟು ಖಾರ ಎಂದು ಹೊಸಬರ ನಾಲಿಗೆಗೆ ತಿಳಿಯುವುದಿಲ್ಲ. ಕಿವಿಗೆ ಮಾತ್ರ ಇಟ್ಟುಕೊಳ್ಳಿ.

ಸಹೋದ್ಯೋಗಿಯನ್ನು ಮೆಚ್ಚಲು "ಮಂದೋ ಬೇಂ!" ಎನ್ನಿ, ಚೆನ್ನಾಗಿ ಮಾಡಿದೆ ಎಂದು. ಹಿರಿಯರಿಗೆ "ಪರಬೇಂಸ್ ಪೆಲು ತ್ರಬಾಲ್ಯು", ಮಾಡಿದ ಕೆಲಸಕ್ಕೆ ಅಭಿನಂದನೆ ಎಂದು. "ಬೊಂ ತ್ರಬಾಲ್ಯು" ಮಾತ್ರ ಎರಡು ಹೊತ್ತಿಗೂ ಬರುತ್ತದೆ. ಕೆಲಸ ಮುಗಿದ ಮೇಲೆ ಶಭಾಷ್ ಎಂದು, ಕೆಲಸಕ್ಕೆ ಹೊರಟವರಿಗೆ ಒಳ್ಳೆಯದಾಗಲಿ ಎಂದು. ಕಂಪೀನಸ್‌ನ ನಮ್ಮ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಮೇಲ್ವಿಚಾರಕರೊಬ್ಬರು ಗೇಟಿನ ಹತ್ತಿರ ನಿಂತು, ಒಳಗೆ ಹೋಗುವ ಒಬ್ಬೊಬ್ಬರಿಗೂ ಹೆಸರು ಹಿಡಿದು ಇದನ್ನು ಹೇಳುತ್ತಿದ್ದರು. ಕಸ ಗುಡಿಸುವವರಿಗೂ ಹೇಳುತ್ತಿದ್ದರು. ಕೆಲಸದಲ್ಲಿ ಮನ್ನಣೆ ಎಂದರೆ, 'ಹೆಕೊಞೆಸಿಮೆಂತು' ಎಂದರೆ, ನನಗೆ ಈಗಲೂ ಅವರ ಮುಖವೇ ಕಣ್ಣಿಗೆ ಬರುತ್ತದೆ.

ಪ್ರಶ್ನೆ: ಉಚ್ಚಾರ ಎಷ್ಟು ಮಾಡಿದರೂ ಇಂಗ್ಲಿಷಿನ ಹಾಗೆ ಕೇಳಿಸುತ್ತದೆ ಅಂತಾರೆ. ಏನು ಮಾಡಲಿ? — ಮದ್ದೂರು

ಉತ್ತರ: ಇಂಗ್ಲಿಷನ್ನು ಬಿಟ್ಟು ಕನ್ನಡದಿಂದ ಹೋಗಿ. ಪೋರ್ಚುಗೀಸಿನ ತ, ದ ನಮ್ಮ ತ, ದಗಳೇ, ನಾಲಿಗೆ ಹಲ್ಲಿಗೆ ತಾಗಬೇಕು. ನೀವು 'ಟ್ರಬಾಲ್ಯು' ಎನ್ನುತ್ತಿರಬೇಕು, ಅದಕ್ಕೇ ಹಾಗೆ ಕೇಳಿಸುವುದು. ಪದದ ಕೊನೆಯ ಒಕಾರ ಉಕಾರವಾಗುತ್ತದೆ, ಉಕಾರದಲ್ಲಿ ಪದ ಮುಗಿಸುವುದು ಕನ್ನಡದವರಿಗೆ ಹೇಳಿಕೊಡಬೇಕೇ? ಮಗ್ಗಿ ಜೊತೆ ಬಾಯಿಪಾಠ ಮಾಡಿ ಮರೆತುಬಿಟ್ಟ 'ಞ' ಅಕ್ಷರವೂ ಇಲ್ಲಿ ದಿನಬಳಕೆಗೆ ಬರುತ್ತದೆ: ತೇಞು, ಮಿಞ, ಗಞಾರ್. ಗಞಾರ್ ಎಂದರೆ ಸಂಪಾದಿಸು, ಗೆಲ್ಲು.

ಇ ಸ್ವರ ಸೇರಿದಾಗ ತ 'ಚ' ಆಗುತ್ತದೆ, ದ 'ಜ' ಆಗುತ್ತದೆ. ಈಶಾನ್ಯ ಬ್ರೆಜಿಲ್‌ನ ಕೆಲವು ಕಡೆ 'ತಿ', 'ದಿ' ಎಂದೇ ಹೇಳುತ್ತಾರೆ, ಗಾಬರಿ ಬೇಡ. ಪದದ ಮೊದಲಿನ ರ 'ಹ' ಆಗುತ್ತದೆ, ಹಾಗಾಗಿ ರಿಯೊ ಊರು ಅವರ ಬಾಯಲ್ಲಿ 'ಹೀಉ'. ನಿಜವಾಗಿ ಕಷ್ಟ ಇರುವುದು ಮೂಗಿನಲ್ಲಿ ಹೊರಡುವ 'ಆಂವ್' ಒಂದೇ. ಮೊಚಿವಸಾಂವ್, ಅಂದರೆ ಹುರುಪು ಅಥವಾ ಪ್ರೇರಣೆ. ಅನುಸ್ವಾರಕ್ಕೆ ತುಟಿ ಮುಚ್ಚಬೇಡಿ, ಉಸಿರು ಮೂಗಿನಲ್ಲೇ ಹೋಗಲಿ. ಕೊಂಕಣಿ ಮನೆಮಾತಿನ ಗೆಳೆಯರಿದ್ದರೆ ಅವರಿಂದ ಕೇಳಿ ಕಲಿಯಿರಿ, ಅವರಿಗೆ ಇದು ಸಲೀಸು.

ಪ್ರಶ್ನೆ: ತಂಗಿಗೆ ಪೋರ್ಚುಗಲ್‌ನ ಪೋರ್ತೊ ಊರಿನಲ್ಲಿ ಕೆಲಸ ಸಿಕ್ಕಿದೆ. ಬ್ರೆಜಿಲ್ ವಾಕ್ಯಗಳೇ ನಡೆಯುತ್ತವೆಯೇ? — ಶ್ರೀರಂಗಪಟ್ಟಣ

ಉತ್ತರ: ಅರ್ಥವಾಗುತ್ತದೆ, ಆದರೆ ಕೆಲವನ್ನು ಬದಲಿಸಿಕೊಳ್ಳಲಿ. ಅಲ್ಲಿ 'ಚಿ', 'ಜಿ' ಇಲ್ಲ, ತ ತವಾಗಿಯೇ ಇರುತ್ತದೆ. 'ಇಸ್ತೋ' ಎನ್ನುವುದು 'ಶ್ತೋ' ಎಂದು ಕೇಳಿಸುತ್ತದೆ. ತಂಡಕ್ಕೆ ಬ್ರೆಜಿಲ್‌ನಲ್ಲಿ 'ಎಕೀಪಿ', ಅಲ್ಲಿ 'ಎಕೀಪ'. ಕಂಪನಿಯ ಅಂಗಿ ತೊಡುವ ಮಾತಿನಲ್ಲಿ ಪೋರ್ಚುಗಲ್‌ನವರು 'ಕಮಿಜ಼ೊಲ' ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ಆ ಪದಕ್ಕೆ ಹೆಂಗಸರು ರಾತ್ರಿ ತೊಡುವ ನೈಟಿ ಎಂದರ್ಥ, ಎಲ್ಲಿ ಯಾವುದು ಎಂದು ಅವಳಿಗೆ ಹೇಳಿಬಿಡಿ. ಬ್ರೆಜಿಲ್‌ನಲ್ಲಿ ಬಾಸಿಗೂ 'ವೊಸೆ' ನಡೆಯುತ್ತದೆ, ಹೆಸರು ಹಿಡಿದೇ ಕರೆಯುತ್ತಾರೆ. ಪೋರ್ಚುಗಲ್‌ನಲ್ಲಿ ಅದು ಒರಟಾಗಿ ಕೇಳಿಸಬಹುದು. ಹಿರಿಯರಿಗೆ 'ಉ ಸೆಞೋರ್', 'ಅ ಸೆಞೋರ' ಎನ್ನಲಿ. ನಮ್ಮ ನೀನು, ನೀವುಗಳಲ್ಲಿ ಬೆಳೆದವಳಿಗೆ ಇದು ತಾನಾಗಿ ಬರುತ್ತದೆ.

ಇನ್ನೊಂದು ಒಳ್ಳೆಯ ಸುದ್ದಿ. ತುರ್ತು ಸಂದರ್ಭ ಬಿಟ್ಟರೆ ಕೆಲಸದ ವೇಳೆಯ ಹೊರಗೆ ನೌಕರರನ್ನು ಸಂಪರ್ಕಿಸಬಾರದು ಎಂದು ಪೋರ್ಚುಗಲ್ 2021ರಲ್ಲಿ ಕಾನೂನು ಮಾಡಿದೆ. ರಾತ್ರಿ ಹತ್ತಕ್ಕೆ ಮೆಸೇಜ್ ಬಂದರೆ "ಅಮಞಾಂ ವೇಜು ಇಸು" ಎನ್ನುವುದನ್ನು ಕಲಿತು ಹೋಗಲಿ, ನಾಳೆ ನೋಡುತ್ತೇನೆ ಎಂದು. ಇದನ್ನು ಹೇಳುವ ಹಕ್ಕು ಅವಳಿಗಿದೆ.

ಪ್ರಶ್ನೆ: ಮೈಸೂರಿನಲ್ಲೇ ಇದ್ದುಕೊಂಡು ಮಾತಾಡಿ ಅಭ್ಯಾಸ ಮಾಡುವುದು ಹೇಗೆ? ಪರೀಕ್ಷೆ ಇದೆಯೇ? — ಬೋಗಾದಿ

ಉತ್ತರ: ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರಲ್ಲಿ ಬ್ರೆಜಿಲ್‌ನವರೂ ಇರುತ್ತಾರೆ. ಬೆಳಗಿನ ಅಭ್ಯಾಸ ಮುಗಿಸಿ ಎಳನೀರು ಕುಡಿಯಲು ನಿಂತಿರುವಾಗ ನನ್ನ ವಿದ್ಯಾರ್ಥಿಗಳು ಮಾತಾಡಿಸುತ್ತಾರೆ. ಅನುಮತಿ ಕೇಳಿ ಶುರುಮಾಡಿ: "ಪೊಸು ಪ್ರಾಚಿಕಾರ್ ಪೊರ್ತುಗೇಸ್ ಕೋಂ ವೊಸೆ?" ಊರಲ್ಲಿ ಏನು ಕೆಲಸ ಮಾಡುತ್ತೀರಿ, ಆ ಕೆಲಸದಲ್ಲಿ ನಿಮಗೇನು ಇಷ್ಟ ಎಂದು ಕೇಳಿ. "ಉ ಕಿ ವೊಸೆ ಮಾಯ್ಸ್ ಗೊಸ್ತ ನು ಸೇವ್ ತ್ರಬಾಲ್ಯು?" ಅವರ ಉತ್ತರದಲ್ಲಿ ಬರುವ ಪದಗಳನ್ನು ಮನೆಗೆ ಬಂದು ಬರೆದಿಡಿ. ಪುಸ್ತಕದಲ್ಲಿ ಇಲ್ಲದವು ಸಿಗುತ್ತವೆ.

ಕ್ರಮವಾಗಿ ಕಲಿಯಬೇಕೆಂದರೆ ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ವಿಭಾಗ ಇದೆ. ಬ್ರೆಜಿಲ್ ಸರ್ಕಾರದ ಪರೀಕ್ಷೆಯ ಹೆಸರು ಸೆವ್ಪಿ ಬ್ರಾಸ್. ಹಂತಕ್ಕೊಂದು ಪ್ರಶ್ನೆಪತ್ರಿಕೆ ಅದರಲ್ಲಿಲ್ಲ, ಎಲ್ಲರಿಗೂ ಒಂದೇ ಪತ್ರಿಕೆ, ಅಂಕದ ಮೇಲೆ ಮಟ್ಟ ನಿರ್ಧಾರ. ಬರವಣಿಗೆಯ ಜೊತೆಗೆ 20 ನಿಮಿಷದ ಮುಖಾಮುಖಿ ಮಾತುಕತೆ ಇರುತ್ತದೆ. ಅದರ ಮೊದಲ ಭಾಗ ನಿಮ್ಮ ಬಗ್ಗೆಯೇ. ಹೂಟಗಳ್ಳಿಯ ಓದುಗರಿಗೆ ಕೊಟ್ಟ ಮೂರು ತುಂಡುಗಳನ್ನು ನಿಮ್ಮ ಕೆಲಸಕ್ಕೆ ಹೊಂದಿಸಿ ಈ ವಾರವೇ ಬರೆಯಿರಿ. ಬರೆದದ್ದನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ತಿದ್ದಿ ವಾಪಸ್ ಕಳಿಸುತ್ತೇನೆ. ಕನ್ನಡ ಲಿಪಿಯಲ್ಲಿ ಬರೆದರೂ ಆಗುತ್ತದೆ.